ಓದುಗರ ಪ್ರಶ್ನೆ: ವಿಮಾನದ ಎಂಜಿನಿಯರ್ ಆಗಲು ಪದವಿಯೋ, ಲೈಸೆನ್ಸೋ?

ವಿಮಾನ ಕ್ಷೇತ್ರದ ಎಂಜಿನಿಯರಿಂಗ್ ಕೆಲಸಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗೊಂದಲದ ಸುತ್ತ ಸುತ್ತುತ್ತಿದ್ದವು. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಂಡಿದ್ದೇವೆ.

ನನ್ನ ಮಗ ದ್ವಿತೀಯ ಪಿಯುಸಿ. ಏರೋನಾಟಿಕಲ್ ಬಿಇ ಮಾಡಿದರೆ ಏರ್‌ಪೋರ್ಟಿನಲ್ಲಿ ವಿಮಾನ ಪರೀಕ್ಷಿಸಿ ಹಾರಾಟಕ್ಕೆ ಬಿಡುವ ಎಂಜಿನಿಯರ್ ಆಗಬಹುದಲ್ಲವೇ? ಒಂದು ಸಂಸ್ಥೆಯವರು ‘ಡಿಗ್ರಿ, ಲೈಸೆನ್ಸ್ ಎರಡೂ ನಮ್ಮಲ್ಲೇ’ ಎನ್ನುತ್ತಿದ್ದಾರೆ.
– ಓದುಗರು, ಹುಬ್ಬಳ್ಳಿ

ಆಗುವುದಿಲ್ಲ. ಬಿಇ ಎಷ್ಟೇ ಒಳ್ಳೆಯ ಕಾಲೇಜಿನದಾಗಿರಲಿ, ಆ ಪದವಿಯೊಂದರಿಂದಲೇ ‘ಈ ವಿಮಾನ ಹಾರಬಹುದು’ ಎಂದು ಸಹಿ ಹಾಕುವ ಹಕ್ಕು ಬರುವುದಿಲ್ಲ. ರಿಪೇರಿ ಮುಗಿದ ಮೇಲೆ ಹಾಕುವ ಆ ಸಹಿಗೆ ಸಿಆರ್‌ಎಸ್ (ಸರ್ಟಿಫಿಕೇಟ್ ಆಫ್ ರಿಲೀಸ್ ಟು ಸರ್ವಿಸ್) ಎನ್ನುತ್ತಾರೆ. ಅದನ್ನು ಹಾಕುವವರು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಲೈಸೆನ್ಸ್ ಪಡೆದ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್‌ಗಳು, ಅಂದರೆ ಎಎಂಇಗಳು. ಬಿಇ ಓದಿದವರು ವಿಮಾನವನ್ನು ರೂಪಿಸುವ, ಲೆಕ್ಕ ಹಾಕುವ, ತಯಾರಿಸುವ ಕಡೆಗೆ ಹೋಗುತ್ತಾರೆ. ಏರ್‌ಲೈನ್ ಒಳಗೂ ಅವರಿಗೆ ಜಾಗವಿದೆ: ನಿರ್ವಹಣೆಯ ಯೋಜನೆ, ಎಂಜಿನ್ ಸ್ಥಿತಿಯ ನಿಗಾ, ತಯಾರಕರ ಸರ್ವಿಸ್ ಬುಲೆಟಿನ್‌ಗಳ ಪರಿಶೀಲನೆ ಮಾಡುವ ಟೆಕ್ನಿಕಲ್ ಸರ್ವಿಸಸ್ ವಿಭಾಗ. ಆದರೆ ಅದು ಕಚೇರಿಯ ಕೆಲಸ, ವಿಮಾನ ನಿಲ್ಲುವ ರ‍್ಯಾಂಪಿನದಲ್ಲ.

ಲೈಸೆನ್ಸ್ ಸಿಎಆರ್-66 ಎಂಬ ನಿಯಮದಡಿ ಬರುತ್ತದೆ. ಜೆಟ್ ವಿಮಾನದ ಬಾಡಿ, ಎಂಜಿನ್, ಎಲೆಕ್ಟ್ರಿಕಲ್ ಕಡೆಗೆ ಬಿ1.1, ರೇಡಿಯೊ, ಆಟೊಪೈಲಟ್ ಮುಂತಾದ ಏವಿಯಾನಿಕ್ಸ್ ಕಡೆಗೆ ಬಿ2. ಪರೀಕ್ಷೆ ಮಾಡ್ಯೂಲ್ ಲೆಕ್ಕದಲ್ಲಿ ನಡೆಯುತ್ತದೆ. ಗಣಿತ, ಭೌತಶಾಸ್ತ್ರದಿಂದ ಶುರುವಾಗಿ 6ನೆಯದು ಲೋಹ ಮತ್ತು ಹಾರ್ಡ್‌ವೇರ್, 7ನೆಯದು ನಿರ್ವಹಣಾ ಕ್ರಮ, 9ನೆಯದು ಹ್ಯೂಮನ್ ಫ್ಯಾಕ್ಟರ್ಸ್, 10ನೆಯದು ಕಾನೂನು, 15ನೆಯದು ಗ್ಯಾಸ್ ಟರ್ಬೈನ್ ಎಂಜಿನ್. ಪಾಸಾಗಲು ಶೇ 75 ಬೇಕು. ಬೋರ್ಡ್ ಪರೀಕ್ಷೆಯ ಕಡಿಮೆ ಪಾಸ್ ಅಂಕದ ಅಭ್ಯಾಸದಲ್ಲಿ ಬಂದ ಹುಡುಗರಿಗೆ ಮೊದಲ ಪೆಟ್ಟು ಬೀಳುವುದೇ ಇಲ್ಲಿ. ಪರೀಕ್ಷೆ ಮುಗಿದರೂ ಕೆಲಸ ಮುಗಿಯುವುದಿಲ್ಲ. ತರಬೇತಿ ಸಂಸ್ಥೆಗಳ ನಿಯಮವಾದ ಸಿಎಆರ್-147ರಡಿ ಮಾನ್ಯತೆ ಪಡೆದ ಕೋರ್ಸ್ ಮುಗಿಸಿದವರಿಗೆ 2 ವರ್ಷ, ಯಾವ ತಾಂತ್ರಿಕ ತರಬೇತಿಯೂ ಇಲ್ಲದವರಿಗೆ 5 ವರ್ಷ, ಹಾರಾಟದಲ್ಲಿರುವ ವಿಮಾನಗಳ ಮೇಲೆ ಕೆಲಸದ ಅನುಭವ ಬೇಕು. ಪ್ರತಿಯೊಂದು ಕೆಲಸವೂ ಲಾಗ್‌ಬುಕ್ಕಿಗೆ ಏರಿ ಸಹಿ ಆಗಿರಬೇಕು. ಲೈಸೆನ್ಸ್ ಕೈಗೆ ಬಂದ ಮೇಲೂ ಏರ್‌ಬಸ್ ಎ320 ಅಥವಾ ಬೋಯಿಂಗ್ 737ರಂಥ ನಿರ್ದಿಷ್ಟ ವಿಮಾನದ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಇಲ್ಲದೆ ಆ ವಿಮಾನಕ್ಕೆ ಸಹಿ ಹಾಕುವಂತಿಲ್ಲ. ಟೈಪ್ ಕೋರ್ಸಿನ ಖರ್ಚು ಲಕ್ಷಗಳಲ್ಲಿದೆ. ಏರ್‌ಲೈನ್ ಕೊಡಿಸಿದರೆ ಸಾಮಾನ್ಯವಾಗಿ ಬಾಂಡ್ ಜೊತೆಗೇ ಬರುತ್ತದೆ.

‘ಎರಡೂ ನಮ್ಮಲ್ಲೇ’ ಎಂಬ ಮಾತು ಸುಳ್ಳೇ ಆಗಬೇಕೆಂದಿಲ್ಲ. ಆದರೆ ಎರಡು ಮಾನ್ಯತೆಗಳನ್ನು ಬೇರೆ ಬೇರೆ ಕೇಳಿ. ಪದವಿಗೆ ವಿಶ್ವವಿದ್ಯಾಲಯ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ. ಲೈಸೆನ್ಸ್ ಕೋರ್ಸಿಗೆ ಡಿಜಿಸಿಎ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇದೆ ಎಂದುಕೊಳ್ಳಬೇಡಿ. ಡಿಜಿಸಿಎ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇದೆ. ಅದರಲ್ಲಿ ಹೆಸರಿದ್ದರೆ ಸಾಲದು, ಮಾನ್ಯತೆ ಯಾವ ವಿಭಾಗಕ್ಕೆ, ಯಾವ ದಿನಾಂಕದವರೆಗೆ ಎಂಬುದನ್ನೂ ನೋಡಿ. ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಪ್ರಾಯೋಗಿಕ ತರಬೇತಿ ಯಾವ ಸಿಎಆರ್-145 ನಿರ್ವಹಣಾ ಸಂಸ್ಥೆಯಲ್ಲಿ, ಎಷ್ಟು ತಿಂಗಳು, ಲಿಖಿತ ಒಪ್ಪಂದ ಇದೆಯೇ? ಕ್ಯಾಂಪಸ್ಸಿನಲ್ಲಿ ನಿಲ್ಲಿಸಿದ ಹಳೆಯ ವಿಮಾನ ಬೋಲ್ಟ್ ಬಿಚ್ಚಿ ಹಾಕಲು ಸರಿ, ಅನುಭವದ ವರ್ಷಗಳಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ನೇರ ಉತ್ತರ ಕೊಡದೆ ಹಾಸ್ಟೆಲ್ ತೋರಿಸಲು ಕರೆದೊಯ್ದರೆ, ಫೀಸು ಕಟ್ಟದೆ ವಾಪಸ್ ಬನ್ನಿ.

ಮಗಳು ಏರೋನಾಟಿಕಲ್ ಬಿಇ ಕೊನೆಯ ವರ್ಷ. ‘ಗ್ರಾಜುಯೇಟ್ ಪ್ರೋಗ್ರಾಂ’ ಮೂಲಕ ಸೇರುವುದು ಒಳ್ಳೆಯದು ಎನ್ನುತ್ತಾರೆ. ಅದು ನಿಜಕ್ಕೂ ಏನು? ಅಲ್ಲಿ ಮೊದಲ ವರ್ಷ ಏನು ಮಾಡಿಸುತ್ತಾರೆ?
– ತಾಯಿಯೊಬ್ಬರು, ದಾವಣಗೆರೆ

ಆ ಒಂದೇ ಹೆಸರಿನಡಿ ಬೇರೆ ಬೇರೆ ಸರಕು ಮಾರುಕಟ್ಟೆಯಲ್ಲಿದೆ.

ಎಚ್‌ಎಎಲ್‌ನ ಡಿಸೈನ್ ಟ್ರೈನಿ, ಮ್ಯಾನೇಜ್‌ಮೆಂಟ್ ಟ್ರೈನಿ ಹುದ್ದೆಗಳು ಒಂದು ಬಗೆ. ಹಿಂದಿನ ಅಧಿಸೂಚನೆಗಳಲ್ಲಿ ಎರಡೂವರೆ ಗಂಟೆಯ 160 ಪ್ರಶ್ನೆಗಳ ಪರೀಕ್ಷೆ ಇತ್ತು. ಅದರಲ್ಲಿ 100 ಪ್ರಶ್ನೆ ಓದಿದ ವಿಷಯದವು, ಉಳಿದವು ಸಾಮಾನ್ಯ ಜ್ಞಾನ, ಇಂಗ್ಲಿಷ್, ತರ್ಕ. ಆಯ್ಕೆಯಾದವರಿಗೆ 52 ವಾರಗಳ ತರಬೇತಿ, ಆಮೇಲೆ ಎಂಜಿನಿಯರ್ ಹುದ್ದೆ. ಡಿಆರ್‌ಡಿಒದಲ್ಲಿ ಸೈಂಟಿಸ್ಟ್ ‘ಬಿ’ ಇನ್ನೊಂದು ಬಗೆ. ಗೇಟ್ ಎಂಬ ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪರೀಕ್ಷೆಯ ಅಂಕ, ಆಮೇಲೆ ಸಂದರ್ಶನ. ಬೆಂಗಳೂರಿನಲ್ಲಿ ಅದರ ಕೇಂದ್ರಗಳಿವೆ: ಎಡಿಇಯಲ್ಲಿ ಮಾನವರಹಿತ ವಿಮಾನ, ಜಿಟಿಆರ್‌ಇಯಲ್ಲಿ ಎಂಜಿನ್, ಕ್ಯಾಬ್ಸ್‌ನಲ್ಲಿ ವಾಯುಗಾಮಿ ರೇಡಾರ್ ವ್ಯವಸ್ಥೆ, ಸೆಮಿಲ್ಯಾಕ್‌ನಲ್ಲಿ ಸೇನಾ ವಿಮಾನಗಳ ಹಾರಾಟ ಯೋಗ್ಯತೆಯ ದೃಢೀಕರಣ. ತೇಜಸ್ ರೂಪಿಸಿದ ಎಡಿಎ ಕೂಡ ಗೇಟ್ ನೋಡಿ ತೆಗೆದುಕೊಂಡಿದೆ.

ಗೇಟ್ ವಿಷಯದಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಏರೋನಾಟಿಕಲ್ ಪದವಿಯವರು ‘ಮೆಕ್ಯಾನಿಕಲ್‌ನಲ್ಲಿ ಹುದ್ದೆ ಜಾಸ್ತಿ’ ಎಂದು ಎಂಇ ಪತ್ರಿಕೆ ಬರೆಯುತ್ತಾರೆ. ಜಾಹೀರಾತಿನ ಕೋಷ್ಟಕದಲ್ಲಿ ಪದವಿಗೆ ತಕ್ಕ ಪತ್ರಿಕೆಯನ್ನೇ ಕೇಳಿದ್ದರೆ ಒಳ್ಳೆಯ ಅಂಕ ಇದ್ದೂ ಅರ್ಜಿ ಮೊದಲ ಸುತ್ತಲ್ಲೇ ಬಿದ್ದುಹೋಗುತ್ತದೆ. ಹೋದ ಸಲದ ಜಾಹೀರಾತು ತೆಗೆದು ಪದವಿಯ ಹೆಸರು ಮತ್ತು ಪತ್ರಿಕೆಯ ಸಂಕೇತ ಎರಡನ್ನೂ ಹೋಲಿಸಿ, ಆಮೇಲೆ ಗೇಟ್ ಫಾರಂ ತುಂಬಿಸಿ. ಗೇಟ್ ಅಂಕ 3 ವರ್ಷ ನಡೆಯುತ್ತದೆ. ಮೂರನೇ ವರ್ಷದ ವಿದ್ಯಾರ್ಥಿಗಳೂ ಬರೆಯಬಹುದು.

ಖಾಸಗಿಯಲ್ಲಿ ಎರಡು ಬಗೆ. ಒಂದು ನೇರವಾಗಿ ಒಂದು ತಂಡಕ್ಕೆ ಹಾಕುವ ಜಿಇಟಿ, ಅಂದರೆ ಗ್ರಾಜುಯೇಟ್ ಎಂಜಿನಿಯರ್ ಟ್ರೈನಿ. ಇನ್ನೊಂದು ಕೆಲವು ತಿಂಗಳಿಗೊಮ್ಮೆ ವಿಭಾಗ ಬದಲಿಸುವ ರೊಟೇಶನ್. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಜಾನ್ ಎಫ್. ವೆಲ್ಚ್ ಕೇಂದ್ರವಿರುವ ಜಿಇ ಏರೋಸ್ಪೇಸ್ ಕಂಪನಿಯ ಎಡಿಸನ್ ಕಾರ್ಯಕ್ರಮ ಎರಡನೆಯ ಬಗೆಯದು. 2024ರ ಜನವರಿಯಲ್ಲಿ ದೇವನಹಳ್ಳಿ ಬಳಿ 43 ಎಕರೆಯಲ್ಲಿ ಉದ್ಘಾಟನೆಯಾದ ಬೋಯಿಂಗ್ ಕೇಂದ್ರ, ಏರ್‌ಬಸ್, ಕಾಲಿನ್ಸ್, ಹನಿವೆಲ್, ಸಫ್ರಾನ್ ಇವೆಲ್ಲ ಹೊಸಬರನ್ನು ತೆಗೆದುಕೊಳ್ಳುವ ಕ್ರಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬಹಳಷ್ಟು ಸಲ ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ಪೇ ಒಳಬಾಗಿಲು. ಆದ್ದರಿಂದ ಏಳನೇ ಸೆಮಿಸ್ಟರಿನಲ್ಲೇ ಅರ್ಜಿ ಹೋಗಿರಬೇಕು.

ಇನ್ನು ಮೊದಲ ವರ್ಷದ ಕೆಲಸ. ಹೊಸ ರೆಕ್ಕೆ ಬಿಡಿಸಲು ಯಾರೂ ಕೂರಿಸುವುದಿಲ್ಲ. ಡ್ರಾಯಿಂಗ್ ತಿದ್ದುಪಡಿ, ಒತ್ತಡದ ಲೆಕ್ಕ ಬರೆದ ಹಳೆಯ ಸ್ಟ್ರೆಸ್ ನೋಟ್ ಮರುಪರಿಶೀಲನೆ, ತಯಾರಿಕೆಯಲ್ಲಿ ಅಳತೆ ತಪ್ಪಿದ ಬಿಡಿಭಾಗ ಬಳಸಲು ಒಪ್ಪಿಗೆ ಕೇಳುವ ಕನ್ಸೆಷನ್ ಕಡತ ಇಂಥವೇ ಹೆಚ್ಚು. ಅರ್ಧಕ್ಕರ್ಧ ಜನ ಬೇಸರಗೊಳ್ಳುವುದು ಇಲ್ಲೇ, ನಿಜವಾಗಿ ಕಲಿಯುವುದೂ ಇಲ್ಲೇ. ಕೆಟ್ಟ ಭಾಗವನ್ನು ಹಾಗೇ ಬಳಸಬಹುದೇ, ತಿದ್ದಬೇಕೇ, ಗುಜರಿಗೆ ಹಾಕಬೇಕೇ ಎಂದು ಕಾರಣ ಕೊಟ್ಟು ಬರೆಯಲು ಬಂದ ಹುಡುಗಿಗೆ ವಿನ್ಯಾಸ ಕಷ್ಟವಾಗುವುದಿಲ್ಲ.

ಮೆಕ್ಯಾನಿಕಲ್ ಬಿಇ ಮುಗಿದು ಒಂದೂವರೆ ವರ್ಷ. ಎಚ್‌ಎಎಲ್ ಗ್ರಾಜುಯೇಟ್ ಅಪ್ರೆಂಟಿಸ್ ಕರೆ ಬಂದಿದೆ. ಸೇರಿದರೆ ಪರ್ಮನೆಂಟ್ ಆಗುತ್ತದೆಯೇ?
– ಓದುಗರು, ಹಾಸನ

ಅಪ್ರೆಂಟಿಸ್ ಕಾಯ್ದೆ 1961ರ ಪ್ರಕಾರ ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಸಂಸ್ಥೆಗಿಲ್ಲ. ಇದು ಒಂದು ವರ್ಷದ ತರಬೇತಿ, ನೌಕರಿಯಲ್ಲ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಜಾಲತಾಣವಾದ ನ್ಯಾಟ್ಸ್ ಪೋರ್ಟಲ್ಲಿನಲ್ಲಿ ನೋಂದಾಯಿಸಿ ಸೇರಬೇಕು. ದಕ್ಷಿಣ ರಾಜ್ಯಗಳಿಗೆ ಚೆನ್ನೈನ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ನೋಡಿಕೊಳ್ಳುತ್ತದೆ. 2019ರ ತಿದ್ದುಪಡಿಯಲ್ಲಿ ಪದವೀಧರರ ಕನಿಷ್ಠ ಸ್ಟೈಪೆಂಡ್ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಎಂದಾಗಿತ್ತು; ಈಗಿನ ಮೊತ್ತವನ್ನು ಕರೆಪತ್ರದಲ್ಲಿ ನೋಡಿಕೊಳ್ಳಿ. ಕನಿಷ್ಠ ಮೊತ್ತದ ಅರ್ಧ ಕೇಂದ್ರ ಸರ್ಕಾರದ್ದು. ಬೆಂಗಳೂರಿನ ಬಾಡಿಗೆಗೆ ಸ್ಟೈಪೆಂಡ್ ಸಾಲುವುದಿಲ್ಲ ಎಂಬುದು ಮೊದಲೇ ಗೊತ್ತಿರಲಿ.

ಹಾಗಿದ್ದರೂ ಸೇರಿ. ಕೈಯಲ್ಲಿ ಕೆಲಸವಿಲ್ಲದೆ ಕಳೆಯುವ ವರ್ಷಕ್ಕಿಂತ ಹ್ಯಾಂಗರಿನಲ್ಲಿ ಕಳೆದ ವರ್ಷ ರೆಸ್ಯೂಮೆಯಲ್ಲಿ ಬೇರೆಯೇ ತೂಗುತ್ತದೆ. ಒಂದೇ ಷರತ್ತು: ಸ್ಟೋರಿನಲ್ಲಿ ಫೈಲು ಜೋಡಿಸಲು ಹಾಕಿದರೆ ಸುಮ್ಮನಿರಬೇಡಿ, ತರಬೇತಿ ವಿಭಾಗಕ್ಕೆ ಬರೆದು ಅಸೆಂಬ್ಲಿ ಅಥವಾ ಗುಣಮಟ್ಟ ವಿಭಾಗ ಕೇಳಿ. ಪ್ರತಿದಿನ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಭಾಗ ಹಿಡಿದಿಡುವ ಚೌಕಟ್ಟು (ಜಿಗ್) ಯಾವುದು, ಯಾವ ಕ್ರಮದಲ್ಲಿ ರಿವೆಟ್, ಎಲ್ಲಿ ತಪಾಸಣೆಯವರು ತಡೆದರು, ಏಕೆ ತಡೆದರು. ಸೇನಾ ವಿಮಾನದ ಡ್ರಾಯಿಂಗ್ ಸಂಖ್ಯೆ, ಅಳತೆ, ಫೋಟೊ ಮಾತ್ರ ಬೇಡ. ಅದು ಕಾನೂನಿನ ವಿಷಯ. ಮತ್ತೊಂದು: ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇದ್ದವರಿಗೆ ಅಪ್ರೆಂಟಿಸ್ ಅವಕಾಶ ಇರುವುದಿಲ್ಲ. ಹಾಗಾಗಿ ನಡುವೆ ಬೇರೆಲ್ಲೋ ಸೇರಿ ‘ಆಮೇಲೆ ನೋಡೋಣ’ ಎಂದರೆ ಈ ಬಾಗಿಲು ಮುಚ್ಚುತ್ತದೆ.

ಕಟಿಯಾ ಕೋರ್ಸಿಗೆ 60 ಸಾವಿರ ಕೇಳುತ್ತಿದ್ದಾರೆ. ಸೇರಲೇ?
– ವಿದ್ಯಾರ್ಥಿ, ರಾಯಚೂರು

ಅಷ್ಟು ಹಣ ಕೊಡಬೇಡಿ. ಕಟಿಯಾ ಎಂಬುದು ಕಂಪ್ಯೂಟರಿನಲ್ಲಿ ಬಿಡಿಭಾಗ ಬಿಡಿಸುವ ಒಂದು ಕ್ಯಾಡ್ ತಂತ್ರಾಂಶ, ಅಷ್ಟೇ. ಕಾಲೇಜಿನ ಲ್ಯಾಬಿನಲ್ಲಿ ಯಾವ ಕ್ಯಾಡ್ ಇದೆಯೋ ಅದರಲ್ಲೇ ಒಂದು ಶೀಟ್ ಮೆಟಲ್ ಬ್ರ್ಯಾಕೆಟ್ ಮಾಡಿ, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಮಿತಿ) ಹಾಕಿದ ಪೂರ್ತಿ ಡ್ರಾಯಿಂಗ್ ತೆಗೆಯಿರಿ. ಸಂದರ್ಶಕರು ಮೆನು ಎಲ್ಲಿದೆ ಎಂದು ಕೇಳುವುದಿಲ್ಲ, ಈ ರಂಧ್ರಕ್ಕೆ ಈ ಡೇಟಂ (ಅಳತೆ ಶುರುವಾಗುವ ಆಧಾರ) ಏಕೆ ಎಂದು ಕೇಳುತ್ತಾರೆ.

ಸ್ಟ್ರಕ್ಚರ್ಸ್ ವಿಭಾಗದ ಸಂದರ್ಶನಕ್ಕೆ ಏನು ಓದಬೇಕು? ಸೀನಿಯರ್‌ಗಳು ಆನ್ಸಿಸ್ ಕಲಿ ಎನ್ನುತ್ತಾರೆ.
– ವಿದ್ಯಾರ್ಥಿನಿ, ಮೈಸೂರು

ಆನ್ಸಿಸ್ ಎಂಬ ಒತ್ತಡ ಲೆಕ್ಕದ ತಂತ್ರಾಂಶ ಕಲಿಯಿರಿ, ಆದರೆ ಅದರ ಬಣ್ಣದ ಚಿತ್ರ ತೋರಿಸಿ ಪಾಸಾಗುತ್ತೇನೆಂಬ ಆಸೆ ಬೇಡ. ಸಂದರ್ಶನ ಕೆಡುವುದು ಕಾಗದದ ಲೆಕ್ಕದಲ್ಲಿ.

ಮೊದಲು ಲಿಮಿಟ್ ಲೋಡ್, ಅಲ್ಟಿಮೇಟ್ ಲೋಡ್. ವಿಮಾನ ತನ್ನ ಬಾಳಿನಲ್ಲಿ ಎದುರಿಸಬಹುದಾದ ಅತಿ ಹೆಚ್ಚಿನ ಭಾರ ಲಿಮಿಟ್, ಅದರ 1.5 ಪಟ್ಟು ಅಲ್ಟಿಮೇಟ್. ಲಿಮಿಟ್‌ನಲ್ಲಿ ಹಾನಿಕರವಾಗಿ ಶಾಶ್ವತ ಬಾಗು ಉಳಿಯಬಾರದು. ಅಲ್ಟಿಮೇಟ್‌ನಲ್ಲಿ ಕನಿಷ್ಠ 3 ಸೆಕೆಂಡ್ ಮುರಿಯದೆ ನಿಲ್ಲಬೇಕು. ಮಾರ್ಜಿನ್ ಆಫ್ ಸೇಫ್ಟಿ ಎಂದರೆ ತಾಳಬಲ್ಲ ಒತ್ತಡವನ್ನು ಬಿದ್ದ ಒತ್ತಡದಿಂದ ಭಾಗಿಸಿ 1 ಕಳೆಯುವುದು. ತಾಳುವುದು 300 ಮೆಗಾಪಾಸ್ಕಲ್, ಅಲ್ಟಿಮೇಟ್‌ನಲ್ಲಿ ಬೀಳುವುದು 250 ಆದರೆ ಮಾರ್ಜಿನ್ 0.20. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎರಡು: ಲಿಮಿಟ್ ಒತ್ತಡವನ್ನೇ ಹಾಕಿ 1.5 ಮರೆಯುವುದು, ಇಲ್ಲವೇ ಮೊದಲೇ ಗುಣಿಸಿ ಕೊಟ್ಟ ಭಾರವನ್ನು ಮತ್ತೊಮ್ಮೆ 1.5ರಿಂದ ಗುಣಿಸುವುದು. ಭಾರದ ಕೋಷ್ಟಕದ ತಲೆಬರಹ ಓದದೆ ಲೆಕ್ಕ ಶುರು ಮಾಡಬೇಡಿ.

ಆಮೇಲೆ ಲೋಹ. ರೆಕ್ಕೆಯ ಕೆಳಹೊದಿಕೆಗೆ 2024-ಟಿ3, ಮೇಲ್ಹೊದಿಕೆಗೆ 7075-ಟಿ6 ಬಗೆಯ ಅಲ್ಯೂಮಿನಿಯಂ ಏಕೆ? ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಕೆಳಭಾಗ ಪ್ರತಿ ಹಾರಾಟದಲ್ಲೂ ಎಳೆತಕ್ಕೆ ಸಿಕ್ಕಿ ಬಿರುಕು ಹುಟ್ಟುವ ಜಾಗ, ಅಲ್ಲಿ ಬಿರುಕು ನಿಧಾನವಾಗಿ ಬೆಳೆಯುವ ಲೋಹ ಬೇಕು. ಮೇಲ್ಭಾಗ ಅಮುಕುವ ಒತ್ತಡದಲ್ಲಿದೆ, ಅಲ್ಲಿ ಬಲ ಮುಖ್ಯ.

ರಿವೆಟ್ ಪ್ರಶ್ನೆ ಬಂದೇ ಬರುತ್ತದೆ. ರಂಧ್ರದ ನಡುವಿನಿಂದ ಹಾಳೆಯ ಅಂಚಿಗೆ ಕನಿಷ್ಠ ರಿವೆಟ್ ವ್ಯಾಸದ ಎರಡು ಪಟ್ಟು ಇರಬೇಕು. 4 ಮಿ.ಮೀ. ರಿವೆಟ್ಟಿಗೆ 8 ಮಿ.ಮೀ. ಈಗ ಶಾಪಿನಲ್ಲಿ ರಂಧ್ರ ಅಂಡಾಕಾರವಾಯಿತು ಎಂದುಕೊಳ್ಳಿ. ‘ಮುಂದಿನ ಅಳತೆಯ ರಿವೆಟ್ ಹಾಕಿಬಿಡೋಣ’ ಎನ್ನುವುದು ಎಲ್ಲರ ಮೊದಲ ಉತ್ತರ. ಮುಂದಿನ ಅಳತೆ 4.8. ಅದಕ್ಕೆ ಬೇಕಾದ ಅಂಚು 9.6, ಇರುವುದು ಅದೇ 8. ಅಂದರೆ 1.67 ಪಟ್ಟು ಮಾತ್ರ. ರಿವೆಟ್ ದಪ್ಪವಾಯಿತು, ಹಾಳೆ ಅಂಚಿನ ಕಡೆಗೆ ಕಿತ್ತುಬರುವ ಅಪಾಯ ಹೆಚ್ಚಾಯಿತು. ಹಾಗಾಗಿ ಅಂಚು ಅಳೆದು, ಕಡಿಮೆ ಅಂಚಿಗೆ ಇಳಿಸಿದ ಬಲದಲ್ಲಿ ಮಾರ್ಜಿನ್ ಲೆಕ್ಕ ಹಾಕಿ, ಪಕ್ಕದ ರಿವೆಟ್‌ಗಳ ದೂರ ನೋಡಿ, ಆಮೇಲೆ ಒಪ್ಪಿಗೆ ಅಥವಾ ಒಳಪಟ್ಟಿಯ ರಿಪೇರಿ. ಈ ಒಂದು ಉತ್ತರವನ್ನು ತಡವರಿಸದೆ ಹೇಳಿದವರಿಗೆ ಉಳಿದ ಪ್ರಶ್ನೆಗಳು ಹಗುರವಾಗುತ್ತವೆ.

ಇ ಅಂಡ್ ಸಿ ಓದಿದ್ದೇನೆ. ಏವಿಯಾನಿಕ್ಸ್ ಕಂಪನಿಯಲ್ಲಿ ಟ್ರೈನಿ ಕೆಲಸ ಸಿಕ್ಕಿದೆ, ಆದರೆ ‘ವೆರಿಫಿಕೇಶನ್’. ಇದು ಬರೀ ಟೆಸ್ಟಿಂಗ್ ತಾನೇ?
– ಓದುಗರು, ಶಿವಮೊಗ್ಗ

ಬೆಂಗಳೂರಿನ ಏವಿಯಾನಿಕ್ಸ್ ಕೆಲಸದಲ್ಲಿ ದೊಡ್ಡ ಪಾಲು ಇದೇ. ವೆಬ್‌ಸೈಟಿನ ಬಟನ್ ಒತ್ತಿ ನೋಡುವ ಟೆಸ್ಟಿಂಗಿಗೂ ಇದಕ್ಕೂ ಸಂಬಂಧವಿಲ್ಲ.

ವಿಮಾನದ ಸಾಫ್ಟ್‌ವೇರಿಗೆ ಡಿಒ-178ಸಿ ಎಂಬ ದಾಖಲೆ ಇದೆ, 2011ರದು. ಸಾಫ್ಟ್‌ವೇರ್ ಕೆಟ್ಟರೆ ಆಗುವ ಅನಾಹುತ ನೋಡಿ ‘ಎ’ಯಿಂದ ‘ಇ’ ತನಕ ಮಟ್ಟ ನಿಗದಿಯಾಗುತ್ತದೆ. ವಿಮಾನವೇ ಬೀಳಬಹುದಾದರೆ ಎ ಮಟ್ಟ; ಅದಕ್ಕೆ 71 ಗುರಿಗಳನ್ನು ಪೂರೈಸಬೇಕು. ಬಿ ಮಟ್ಟಕ್ಕೆ 69, ಸಿಗೆ 62, ಡಿಗೆ 26. ಎ ಮಟ್ಟದಲ್ಲಿ 30 ಗುರಿಗಳನ್ನು ಕೋಡ್ ಬರೆದವರಲ್ಲದ ಬೇರೆಯವರೇ ಪರಿಶೀಲಿಸಬೇಕು. ಆ ‘ಬೇರೆಯವರು’ ನೀವು.

ಕಲಿಯಬೇಕಾದ ಮೊದಲ ಪಾಠ ಎಂಸಿ/ಡಿಸಿ, ಅಂದರೆ ಷರತ್ತಿನ ಪ್ರತಿಯೊಂದು ಅಂಶವೂ ತಾನೊಂದೇ ಫಲಿತಾಂಶ ಬದಲಿಸಬಲ್ಲದು ಎಂದು ಪರೀಕ್ಷೆಗಳಿಂದ ತೋರಿಸುವುದು. ‘ಎ ನಿಜ, ಜೊತೆಗೆ ಬಿ ಅಥವಾ ಸಿ ನಿಜ’ ಎಂಬ ಒಂದು ಷರತ್ತು ಇದೆ ಎನ್ನಿ. ಮೂರು ಅಂಶಕ್ಕೆ 8 ಜೋಡಣೆ ಸಾಧ್ಯ, ಆದರೆ 4 ಪರೀಕ್ಷೆ ಸಾಕು: ನಿಜ-ನಿಜ-ಸುಳ್ಳು, ಸುಳ್ಳು-ನಿಜ-ಸುಳ್ಳು, ನಿಜ-ಸುಳ್ಳು-ಸುಳ್ಳು, ನಿಜ-ಸುಳ್ಳು-ನಿಜ. ಮೊದಲೆರಡು ಎ ಒಂದೇ ಫಲಿತಾಂಶ ಬದಲಿಸುವುದನ್ನು ತೋರಿಸುತ್ತವೆ, ಒಂದನೆಯದೂ ಮೂರನೆಯದೂ ಬಿ, ಮೂರನೆಯದೂ ನಾಲ್ಕನೆಯದೂ ಸಿ. ಕಾಗದದ ಮೇಲೆ ಇಂಥ ಹತ್ತು ಮಾಡಿ ನೋಡಿ.

ಕೆಲಸ ಕೆಡುವ ಜಾಗ ಬೇರೆ. ಪರೀಕ್ಷೆ ಓಡಿಸಿದ ಮೇಲೆ ಕೆಲವು ಸಾಲು ಕೋಡ್ ಮುಟ್ಟದೆ ಉಳಿದಿರುತ್ತದೆ. ಹೊಸಬರು ಆ ಸಾಲನ್ನು ಮುಟ್ಟುವಂಥ ಪರೀಕ್ಷೆಯನ್ನು ಕೋಡ್ ನೋಡಿಯೇ ಬರೆದು ಶೇ 100 ತೋರಿಸುತ್ತಾರೆ. ಅದು ತಪ್ಪು. ಪರೀಕ್ಷೆ ಹುಟ್ಟಬೇಕಾದ್ದು ಸಾಫ್ಟ್‌ವೇರ್ ಏನು ಮಾಡಬೇಕೆಂದು ಬರೆದಿಟ್ಟ ರಿಕ್ವೈರ್‌ಮೆಂಟಿನಿಂದ. ಉಳಿದ ಸಾಲಿಗೆ ಕಾರಣ ನಾಲ್ಕರಲ್ಲಿ ಒಂದು: ಪರೀಕ್ಷೆ ಬಿಟ್ಟುಹೋಗಿದೆ, ರಿಕ್ವೈರ್‌ಮೆಂಟೇ ಬರೆದಿಲ್ಲ, ಅದು ಸತ್ತ ಕೋಡ್, ಅಥವಾ ಈ ವಿಮಾನದಲ್ಲಿ ಬೇಕೆಂದೇ ನಿಷ್ಕ್ರಿಯಗೊಳಿಸಿದ ಕೋಡ್. ಯಾವುದೆಂದು ಹುಡುಕುವುದೇ ನಿಮಗೆ ಸಂಬಳ ಕೊಡುವ ಕೆಲಸ. ಎರಡು ವರ್ಷ ಇದನ್ನು ಶ್ರದ್ಧೆಯಿಂದ ಮಾಡಿ ರಿಕ್ವೈರ್‌ಮೆಂಟ್ ಬರೆಯುವ ಸಿಸ್ಟಮ್ಸ್ ತಂಡಕ್ಕೆ ಹೋಗುವವರು ಬಹಳ.

ಡಿಪ್ಲೊಮಾ ಮೇಲೆ ಬಿಇ ಮಾಡಿದ್ದೇನೆ. ಊರು ಬಿಟ್ಟು ಹೋಗದೆ ಏರೋಸ್ಪೇಸ್ ಕೆಲಸ ಇದೆಯೇ?
– ಓದುಗರು, ಬೆಳಗಾವಿ

ನಿಮ್ಮ ಊರಲ್ಲೇ ಏಕಸ್ ಸಂಸ್ಥೆಯ ಏರೋಸ್ಪೇಸ್ ವಿಶೇಷ ಆರ್ಥಿಕ ವಲಯ ಇದೆ. ವಿಮಾನದ ಬಿಡಿಭಾಗಗಳ ಕತ್ತರಿಕೆ, ಫೋರ್ಜಿಂಗ್, ಮೇಲ್ಮೈ ಸಂಸ್ಕರಣೆ ಒಂದೇ ಆವರಣದಲ್ಲಿ ನಡೆಯುತ್ತದೆ. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಶುರುವಾಯಿತು.

ಉತ್ಪಾದನೆ ಕಡೆ ಹೋಗುವುದಾದರೆ ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್, ಅಂದರೆ ಮೊದಲು ತಯಾರಾದ ಭಾಗವನ್ನು ಡ್ರಾಯಿಂಗಿನ ಜೊತೆ ಪೂರ್ತಿ ತಾಳೆ ನೋಡುವ ತಪಾಸಣೆ ಕಲಿಯಿರಿ. ಎಎಸ್9102 ಮಾನದಂಡದಲ್ಲಿ ಮೂರು ಫಾರಂ: ಒಂದರಲ್ಲಿ ಭಾಗದ ಸಂಖ್ಯೆಗಳು, ಎರಡರಲ್ಲಿ ಕಚ್ಚಾವಸ್ತು, ವಿಶೇಷ ಪ್ರಕ್ರಿಯೆ, ಪರೀಕ್ಷೆಗಳು, ಮೂರರಲ್ಲಿ ಡ್ರಾಯಿಂಗಿನ ಪ್ರತಿಯೊಂದು ಅಳತೆ. ಡ್ರಾಯಿಂಗಿನ ಅಳತೆಗಳಿಗೆಲ್ಲ ಬಲೂನ್ ಸಂಖ್ಯೆ ಹಾಕಿ ಮೂಲೆಯ ಟಿಪ್ಪಣಿಗಳನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ‘ಎಲ್ಲ ಚೂಪು ಅಂಚು ಉಜ್ಜಿ ಮೊಂಡಾಗಿಸಿ’ ಎಂಬ ಸಾಲೂ ಒಂದು ಅಗತ್ಯವೇ, ಅದಕ್ಕೂ ಸಂಖ್ಯೆ ಬೇಕು. ಭಾಗದ ತಯಾರಿಕೆ 2 ವರ್ಷ ನಿಂತು ಮತ್ತೆ ಶುರುವಾದರೆ, ಯಂತ್ರ ಇನ್ನೊಂದು ಜಾಗಕ್ಕೆ ಹೋದರೆ ಈ ತಪಾಸಣೆ ಪೂರ್ತಿಯಾಗಿಯೋ ಭಾಗಶಃವೋ ಮತ್ತೆ ಆಗಬೇಕು. ಇದನ್ನು ಬಲ್ಲ ಹುಡುಗನನ್ನು ಕ್ವಾಲಿಟಿ ಮ್ಯಾನೇಜರ್ ಬಿಟ್ಟುಕೊಡುವುದಿಲ್ಲ.

ಅಮೆರಿಕದಲ್ಲಿ ಏರೋಸ್ಪೇಸ್ ಎಂಎಸ್ ಮಾಡಿ ಅಲ್ಲೇ ದೊಡ್ಡ ಕಂಪನಿಯ ಗ್ರಾಜುಯೇಟ್ ಪ್ರೋಗ್ರಾಂ ಸೇರುವ ಯೋಚನೆ. ಸಾಲ 45 ಲಕ್ಷ ಆಗುತ್ತದೆ.
– ಓದುಗರು, ಮಂಗಳೂರು

ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಐಟಾರ್ ಎಂಬ ಪದ ತಿಳಿದಿರಲಿ. ರಕ್ಷಣಾ ತಂತ್ರಜ್ಞಾನದ ರಫ್ತಿಗೆ ಅಮೆರಿಕ ಹಾಕಿರುವ ನಿಯಂತ್ರಣ ಅದು. ವಿದೇಶಿಯೊಬ್ಬರಿಗೆ ಅಮೆರಿಕದ ನೆಲದಲ್ಲೇ ಡ್ರಾಯಿಂಗ್ ತೋರಿಸಿದರೂ ಅದು ರಫ್ತು ಎಂದೇ ಲೆಕ್ಕ. ಹಾಗಾಗಿ ರಾಕೆಟ್, ಯುದ್ಧವಿಮಾನ, ಉಪಗ್ರಹದ ಹಲವು ಹುದ್ದೆಗಳಿಗೆ ‘ಯುಎಸ್ ಪರ್ಸನ್’ ಆಗಿರಬೇಕು, ಅಂದರೆ ಅಲ್ಲಿನ ಪ್ರಜೆ, ಗ್ರೀನ್ ಕಾರ್ಡ್ ಇರುವವರು, ಆಶ್ರಯ ಪಡೆದವರು. ವಿದ್ಯಾರ್ಥಿ ವೀಸಾದಲ್ಲಿರುವವರು ಆ ಪಟ್ಟಿಯಲ್ಲಿಲ್ಲ. ಓದಿನ ನಂತರ ಒಪಿಟಿಯಲ್ಲಿ 12 ತಿಂಗಳು, ವಿಜ್ಞಾನ-ಎಂಜಿನಿಯರಿಂಗ್ ಓದಿದವರಿಗಿರುವ ಸ್ಟೆಮ್ ವಿಸ್ತರಣೆ 24 ತಿಂಗಳು, ಒಟ್ಟು 36 ತಿಂಗಳು ಕೆಲಸಕ್ಕೆ ಅವಕಾಶ ಇದೆ. ಆದರೆ ಈ ಗೋಡೆ ಅದರಿಂದ ಕರಗುವುದಿಲ್ಲ. ಬ್ರಿಟನ್ನಿನಲ್ಲಿ ಇದರ ರೂಪ ಬೇರೆ: ರಕ್ಷಣಾ ಹುದ್ದೆಗೆ ಎಸ್‌ಸಿ (ಸೆಕ್ಯುರಿಟಿ ಚೆಕ್) ಎಂಬ ಭದ್ರತಾ ಅನುಮತಿ ಬೇಕಾದರೆ ಸಾಮಾನ್ಯವಾಗಿ ಅಲ್ಲಿ 5 ವರ್ಷ ವಾಸ ಆಗಿರಬೇಕೆಂದು ಕೇಳುತ್ತಾರೆ.

ಹೋಗಲೇಬೇಡಿ ಎಂದಲ್ಲ. ಹೋಗುವುದಾದರೆ ದ್ರವಚಲನೆಯ ಕಂಪ್ಯೂಟರ್ ಲೆಕ್ಕ, ಕಂಪೋಸಿಟ್, ಕಂಪನ, ಎಂಬೆಡೆಡ್ ಸಾಫ್ಟ್‌ವೇರ್ ಇಂಥ ವಿಷಯ ಹಿಡಿಯಿರಿ. ಕಾರು, ಗಾಳಿಯಂತ್ರ, ವೈದ್ಯಕೀಯ ಉಪಕರಣದ ಕಂಪನಿಗಳೂ ಅವನ್ನು ಕೇಳುತ್ತವೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಇಮೇಲ್ ಬರೆದು, ತಮ್ಮ ಲ್ಯಾಬಿನ ಪ್ರಾಜೆಕ್ಟ್‌ಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಎಷ್ಟು ಮುಕ್ತ ಎಂದು ಕೇಳಿ. ಹಾಗೆಯೇ ನೀವು ಸೇರಬೇಕೆಂದಿರುವ ಕಂಪನಿಗಳ ಗ್ರಾಜುಯೇಟ್ ಹುದ್ದೆಯ ಹತ್ತು ಜಾಹೀರಾತು ತೆಗೆದು ಕೊನೆಯ ಪ್ಯಾರಾ ಓದಿ. ಪೌರತ್ವದ ಷರತ್ತು ಇರುವುದು ಸಾಮಾನ್ಯವಾಗಿ ಅಲ್ಲೇ, ಸಣ್ಣ ಅಕ್ಷರದಲ್ಲಿ.